ಮನೆಯಂಗಳಕ್ಕೆ ಕಲ್ಲು: ಚದರ ಅಡಿಯ ದರದಾಚೆಗಿನ ಲೆಕ್ಕ

ನಮ್ಮ ಸದಸ್ಯರಲ್ಲಿ ಅನೇಕರು ಮನೆ ಕಟ್ಟಿಸಿ ಇಪ್ಪತ್ತು-ಇಪ್ಪತ್ತೈದು ವರ್ಷಗಳು ಸಂದಿವೆ. ಅಂದು ಒಂದು ಸ್ಕೂಟರಿಗೂ ಮಕ್ಕಳ ಸೈಕಲ್ಲಿಗೂ ಸಾಕೆಂದು ಬಿಟ್ಟ ಅಂಗಳದಲ್ಲಿ ಇಂದು ಎರಡು ಕಾರುಗಳು ನಿಲ್ಲುತ್ತವೆ. ಹಬ್ಬದ ಹಂಗಾಮಿನಲ್ಲಿ ಅಂಗಡಿಯ ಗೋದಾಮು ತುಂಬಿದರೆ ಮಾಲು ತಂದ ಪಿಕಪ್ ಗಾಡಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಹೀಗಾಗಿ ಗೇಟಿನಿಂದ ಮೆಟ್ಟಿಲಿನವರೆಗಿನ ನೆಲವನ್ನು ಕಿತ್ತು ಹೊಸದಾಗಿ ಕಲ್ಲು ಹಾಸುವ ಕೆಲಸ ಹುಬ್ಬಳ್ಳಿ-ಧಾರವಾಡದ ಹಳೆಯ ಬಡಾವಣೆಗಳಲ್ಲಿ ಹೆಚ್ಚಾಗಿ ಕಾಣಬರುತ್ತಿದೆ. ಈ ಕೆಲಸದ ಕೊಟೇಶನ್ನುಗಳನ್ನು ಕಕ್ಷಿದಾರರು ಲೆಕ್ಕದ ಪುಸ್ತಕಗಳೊಂದಿಗೆ ನನ್ನ ಮೇಜಿನ ಮೇಲಿಟ್ಟು, “ಸಾಹೇಬ್ರ, ಇದರಾಗ ಸೋವಿ ಯಾವುದು ನೋಡ್ರಿ” ಎನ್ನುವುದುಂಟು. ಕಲ್ಲಿನ ಶಾಸ್ತ್ರ ನನ್ನ ವೃತ್ತಿಯಲ್ಲ. ಕೊಟೇಶನ್ ಓದುವುದು ನನ್ನ ವೃತ್ತಿ. ಇವುಗಳಲ್ಲಿ ಬಹುಪಾಲು ಒಂದೇ ಒಂದು ಅಂಕೆಯನ್ನು ಹೇಳಿ ಸುಮ್ಮನಾಗುತ್ತವೆ: ಚದರ ಅಡಿಗೆ ಇಷ್ಟು ರೂಪಾಯಿ.

ಚದರ ಅಡಿ ಎಂಬುದು ಉದ್ದ ಮತ್ತು ಅಗಲಗಳ ಅಳತೆ. ಕಲ್ಲಿಗಾದರೋ ದಪ್ಪವೂ ಉಂಟು, ಗಟ್ಟಿತನವೂ ಉಂಟು, ಅದರ ಕೆಳಗೆ ನೆಲವೂ ಉಂಟು. ಈ ಮೂರನ್ನೂ ಹೇಳದೆ ದರವನ್ನು ಮಾತ್ರ ಹೇಳುವ ಕೊಟೇಶನ್ ವಾಸ್ತವವಾಗಿ ಏನನ್ನೂ ಹೇಳಿದಂತಾಗುವುದಿಲ್ಲ. ಒಂದು ಸಣ್ಣ ಲೆಕ್ಕವನ್ನು ನೋಡೋಣ. ಹದಿನೈದು ಅಡಿ ಅಗಲ, ನಲವತ್ತು ಅಡಿ ಉದ್ದದ ಅಂಗಳವೆಂದರೆ 600 ಚದರ ಅಡಿ, ಅಂದರೆ ಸುಮಾರು 56 ಚದರ ಮೀಟರು. ಇಲ್ಲಿಗೆ 60 ಮಿ.ಮೀ. ದಪ್ಪದ ಸಿಮೆಂಟ್ ಪೇವರ್ ಬ್ಲಾಕು ಎಂದು ಬಾಯಿಮಾತಿನಲ್ಲಿ ಹೇಳಿ 50 ಮಿ.ಮೀ. ಬ್ಲಾಕನ್ನು ಹಾಸಿದರೆ ಅರ್ಧ ಘನಮೀಟರಿಗಿಂತ ಹೆಚ್ಚಿನ ಕಾಂಕ್ರೀಟು, ತೂಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಒಂದೂಕಾಲು ಟನ್ನು ಮಾಲು ನಿಮ್ಮ ಅಂಗಳಕ್ಕೆ ಬಂದೇ ಇರುವುದಿಲ್ಲ. ಮೇಲಿನಿಂದ ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ಆಕಾರ. ಬೇಳೆಯ ಚೀಲದಲ್ಲಿ ಆರರಲ್ಲೊಂದು ಪಾಲು ಕಡಿಮೆ ಬಂದರೆ ಲಾರಿಯನ್ನೇ ತಿರುಗಿಸಿ ಕಳುಹಿಸುವ ವ್ಯಾಪಾರಿಯು ಸ್ವಂತ ಮನೆಯ ಮುಂದೆ ಇದನ್ನು ಪ್ರಶ್ನಿಸದೆ ಹಣ ಎಣಿಸುತ್ತಾನೆಂಬುದು ಸೋಜಿಗದ ಸಂಗತಿ.

ಇದಕ್ಕೆ ಅಳತೆಗೋಲು ಇಲ್ಲವೆಂದಲ್ಲ. ಭಾರತೀಯ ಮಾನಕ ಬ್ಯೂರೋ ಕಾಂಕ್ರೀಟು ಪೇವರ್ ಬ್ಲಾಕುಗಳಿಗೆಂದೇ ಐಎಸ್ 15658 ಎಂಬ ಮಾನಕವನ್ನು 2006ರಲ್ಲಿ ಪ್ರಕಟಿಸಿ, 2021ರಲ್ಲಿ ಪರಿಷ್ಕರಿಸಿದೆ. ಓಡಾಟದ ಭಾರಕ್ಕೆ ತಕ್ಕಂತೆ ದರ್ಜೆ ಮತ್ತು ದಪ್ಪ ಎರಡನ್ನೂ ಅದು ಜೋಡಿಯಾಗಿ ಹೇಳುತ್ತದೆ. 2006ರ ಪಟ್ಟಿಯಂತೆ ವಾಹನಗಳ ಓಡಾಟವಿಲ್ಲದ ಅಥವಾ ತೀರ ಅಲ್ಪವಾಗಿರುವ ಸ್ಥಳಗಳಿಗೆ ಎಂ-30 ದರ್ಜೆಯ 50 ಮಿ.ಮೀ. ಬ್ಲಾಕು, ಹಗುರ ಓಡಾಟಕ್ಕೆ ಎಂ-35 ದರ್ಜೆಯ 60 ಮಿ.ಮೀ. ಬ್ಲಾಕು, ಮಧ್ಯಮ ಓಡಾಟಕ್ಕೆ ಎಂ-40 ದರ್ಜೆಯ 80 ಮಿ.ಮೀ. ಬ್ಲಾಕು. ಮನೆಯ ಖಾಸಗಿ ದಾರಿಯನ್ನು ಈ ಪಟ್ಟಿಯು ಮೊದಲನೆಯ ವರ್ಗದಲ್ಲಿಯೇ ಸೇರಿಸಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದ್ದರಿಂದ 50 ಮಿ.ಮೀ. ಬ್ಲಾಕು ಮಾರುವುದೇ ಮೋಸವೆಂದು ನಾನು ಹೇಳುವುದಿಲ್ಲ. ಒಂದು ಸಣ್ಣ ಕಾರು ಬಂದು ಹೋಗುವ ಅಂಗಳಕ್ಕೆ, ಕೆಳಗಿನ ನೆಲ ಗಟ್ಟಿಯಿದ್ದರೆ, ಅದು ಸಾಕು. ಏನು ಮಾರುತ್ತಿದ್ದೇವೆಂಬುದನ್ನು ಬರೆಯದೆ ಮಾರುವುದು ಮಾತ್ರ ತಪ್ಪು.

ಈ ಮಾತಿಗೆ ಇನ್ನೊಂದು ಮುಖವುಂಟು. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಇಂಥ ಬ್ಲಾಕು ತಯಾರಿಸುವ ಸಣ್ಣ ಕೈಗಾರಿಕೆಯವರೂ ಇದ್ದಾರೆ. ಸಿಮೆಂಟು, ಖಡಿ, ಉಸುಕನ್ನು ಸರಿಯಾದ ಪ್ರಮಾಣದಲ್ಲಿ ಹಾಕಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ, ಬಲಿತ ಮೇಲೆ ಮಾರುವವನ ದರ ಸಹಜವಾಗಿಯೇ ಹೆಚ್ಚು. ಅಚ್ಚಿನಲ್ಲಿ ತೆಳುವಾಗಿ ಸುರಿದು, ಮೇಲೊಂದು ಹೊಳಪಿನ ಬಣ್ಣದ ಪದರ ಕೊಟ್ಟು, ವಾರದೊಳಗೆ ಲಾರಿ ತುಂಬಿಸುವವನ ದರ ಕಡಿಮೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನಗಳ ನಂತರ ಎಂಬುದು ಈ ಉದ್ಯಮದವರಿಗೆ ನಾನು ಹೇಳಬೇಕಾದ ವಿಷಯವಲ್ಲ. ಗ್ರಾಹಕನ ಕೈಯಲ್ಲಿರುವ ಕಾಗದದ ಮೇಲೆ ಇಬ್ಬರದೂ “ಪೇವರ್, ಚದರ ಅಡಿಗೆ” ಎಂಬ ಒಂದೇ ಸಾಲು. ಹೀಗಿರುವಾಗ ಒಳ್ಳೆಯ ಮಾಲಿನವನು ಸೋಲದೆ ಇನ್ನೇನಾದಾನು? ದಪ್ಪ, ದರ್ಜೆ ಮತ್ತು ತಯಾರಾದ ದಿನಾಂಕವನ್ನು ಬಿಲ್ಲಿನಲ್ಲಿ ಬರೆಯುವ ಪದ್ಧತಿ ಬಂದರೆ ಗ್ರಾಹಕನಿಗಿಂತ ಹೆಚ್ಚಿನ ಲಾಭವಾಗುವುದು ಈ ತಯಾರಕನಿಗೇ.

ಪ್ರಯೋಗಾಲಯಕ್ಕೆ ಹೋಗಲಾರದ ಗ್ರಾಹಕನಿಗೆ ತಕ್ಕಡಿಯಿಂದಲೇ ಸಾಧ್ಯವಾಗುವ ಒಂದು ಪರೀಕ್ಷೆಯಿದೆ. ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಇಪ್ಪತ್ತನಾಲ್ಕು ಗಂಟೆ ನೀರಿನಲ್ಲಿ ಮುಳುಗಿಸಿ, ಮೇಲಿನ ನೀರನ್ನು ಒರೆಸಿ ಮತ್ತೆ ತೂಗಬೇಕು. ಮಾನಕದಂತೆ ಕುಡಿದ ನೀರು ಸರಾಸರಿ ಶೇ. 6ನ್ನು, ಯಾವುದೇ ಬಿಡಿ ಬ್ಲಾಕಿನಲ್ಲಿ ಶೇ. 7ನ್ನು ಮೀರಕೂಡದು. ಒಣಗಿದಾಗ 3,500 ಗ್ರಾಂ ಇದ್ದ ಬ್ಲಾಕು ನೆನೆದ ಮೇಲೆ 3,710 ಗ್ರಾಂ ಆದರೆ ಸರಿ; 3,900 ಗ್ರಾಂ ಆದರೆ ಅದು ಒಳಗೆ ಪೊಳ್ಳು. ಪ್ರಯೋಗಾಲಯದಲ್ಲಿ ಬ್ಲಾಕನ್ನು ಒಲೆಯಲ್ಲಿಟ್ಟು ಒಣಗಿಸಿ ಕಟ್ಟುನಿಟ್ಟಾಗಿ ಅಳೆಯುತ್ತಾರೆ, ಮನೆಯ ಪರೀಕ್ಷೆಗೆ ಆ ನಿಖರತೆಯಿಲ್ಲ. ಆದರೂ ಕೆಟ್ಟ ಮಾಲನ್ನು ಬೇರ್ಪಡಿಸಲು ಇಷ್ಟು ಸಾಕು. ಹೊಸ ಬ್ಲಾಕಿನ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಾಣಿಸಿಕೊಂಡಾಗ ಗ್ರಾಹಕರು ಜಗಳಕ್ಕೆ ನಿಲ್ಲುತ್ತಾರೆ. ಅದು ಸಿಮೆಂಟಿನೊಳಗಿನ ಸುಣ್ಣ ಹೊರಬರುವುದರಿಂದ ಆಗುವಂಥದು, ಸಾಮಾನ್ಯವಾಗಿ ಕೆಲವು ತಿಂಗಳ ಮಳೆ-ಬಿಸಿಲಿಗೆ ಹೋಗುತ್ತದೆ. ಅದಕ್ಕಾಗಿ ತಯಾರಕನ ಹಣ ತಡೆಹಿಡಿಯುವುದು ನ್ಯಾಯವಲ್ಲ.

ಇನ್ನು ನಿಜವಾದ ಕಲ್ಲಿನ ವಿಷಯ. ನಮ್ಮ ಭಾಗದ ಹಳೆಯ ಮನೆ, ಅಂಗಡಿ, ಶಾಲೆಗಳಲ್ಲಿ ಕಾಲಿಗೆ ತಂಪಾಗಿ ಸಿಗುವ ಕಲ್ಲೆಂದರೆ ಶಹಾಬಾದ ಫರಸಿ. ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯ ಸುಣ್ಣದ ಕಲ್ಲು ಇದು. ಭೂಮಿಯಲ್ಲಿ ಹಾಳೆ ಹಾಳೆಯಾಗಿಯೇ ಕುಳಿತಿರುವುದರಿಂದ ಹೆಚ್ಚು ಯಂತ್ರದ ಖರ್ಚಿಲ್ಲದೆ ಚಪ್ಪಟೆಯಾಗಿ ಎದ್ದುಬರುತ್ತದೆ. ಅದರ ಅಗ್ಗಕ್ಕೆ ಮುಖ್ಯ ಕಾರಣವೇ ಇದು. ಸ್ವಾರಸ್ಯದ ಸಂಗತಿಯೆಂದರೆ ಅದೇ ಸೀಮೆಯ ಅದೇ ಜಾತಿಯ ಕಲ್ಲು ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಸುಟ್ಟು ಸಿಮೆಂಟೂ ಆಗುತ್ತದೆ. ಫರಸಿ ಬೇಡವೆಂದು ಪೇವರ್ ಕೊಂಡವನ ಅಂಗಳಕ್ಕೂ ಬಹುಶಃ ಅದೇ ಜಿಲ್ಲೆಯ ಕಲ್ಲು ಪುಡಿಯಾಗಿ ಬಂದಿರುತ್ತದೆ! ಫರಸಿಯ ಗುಣದೋಷಗಳೆರಡೂ ಅದರ ಹುಟ್ಟಿನಿಂದಲೇ ಬಂದವು. ಹಾಳೆಯಾಗಿ ಏಳುವ ಕಲ್ಲು ಹಾಳೆಯಾಗಿಯೇ ಬಿಚ್ಚಿಕೊಳ್ಳಲೂಬಹುದು. ಕೆಳಗೆ ಪೊಳ್ಳು ಉಳಿದು, ಮೇಲೆ ಗಾಲಿ ಹಾಯ್ದರೆ ತೆಳು ಫರಸಿ ಎರಡಾಗುವುದು ನಿಶ್ಚಿತ. ಒಳಾಂಗಣಕ್ಕೆಂದು ತಂದ ಒಂದಿಂಚಿನ ಫರಸಿಯನ್ನು ಮಿಕ್ಕಿತೆಂದು ಕಾರಿನ ದಾರಿಗೆ ಹಾಸಬಾರದು. ಗಾಡಿ ಹಾಯುವಲ್ಲಿ ಎರಡಿಂಚಿಗೆ ಕಡಿಮೆಯಿಲ್ಲದ, ಚಿಕ್ಕ ಅಳತೆಯ ತುಂಡುಗಳೇ ಕ್ಷೇಮ. ಇನ್ನೊಂದು ಎಚ್ಚರಿಕೆಯೆಂದರೆ ಆಸಿಡ್ಡಿನದು. ಕೆಲಸ ಮುಗಿದ ಮೇಲೆ ಸಿಮೆಂಟಿನ ಕಲೆ ತೆಗೆಯಲೆಂದು ಗೌಂಡಿಗಳು ಆಸಿಡ್ ಸುರಿಯುವ ರೂಢಿಯಿದೆ. ಸುಣ್ಣದ ಕಲ್ಲಿಗೆ ಇದು ವಿಷ. ಹುಣಸೆಹಣ್ಣಿನ ಹುಳಿಗೇ ಕಳೆಗುಂದುವ ಕಲ್ಲು ಆಸಿಡ್ಡಿಗೆ ಉಳಿದೀತೇ? ರಾಜಸ್ಥಾನದ ಕೋಟಾ, ತೆಲಂಗಾಣದ ತಾಂಡೂರು, ಆಂಧ್ರದ ಕಡಪಾ ಕಲ್ಲುಗಳೂ ಸುಣ್ಣದ ಕಲ್ಲಿನ ಕುಲದವೇ ಆದ್ದರಿಂದ ಇದೇ ಮಾತು ಅವಕ್ಕೂ ಅನ್ವಯಿಸುತ್ತದೆ.

ಗ್ರಾನೈಟಿನ ಪ್ರಕೃತಿ ಬೇರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟು, ದೇವನಹಳ್ಳಿ ಕಡೆಯ ಸಾದರಹಳ್ಳಿಯ ಬೂದು ಗ್ರಾನೈಟು, ಚಾಮರಾಜನಗರದ ಕಪ್ಪು ಕಲ್ಲು ಇವು ದೇಶದ ಹೊರಗೂ ಹೆಸರು ಮಾಡಿದವು. ಆಸಿಡ್ಡಿಗಾಗಲಿ ಗಾಲಿಯ ಸವೆತಕ್ಕಾಗಲಿ ಗ್ರಾನೈಟು ಸುಲಭವಾಗಿ ಬಗ್ಗುವುದಿಲ್ಲ. ಆದರೆ ನಮ್ಮವರು ಗ್ರಾನೈಟೆಂದರೆ ಅಡುಗೆಮನೆಯ ಕಟ್ಟೆಯನ್ನು ನೆನೆದು, ಅಂಗಳಕ್ಕೂ ಕನ್ನಡಿಯಂತೆ ಹೊಳೆಯುವ ಪಾಲಿಶ್ ಕಲ್ಲನ್ನೇ ಬಯಸುತ್ತಾರೆ. ಮಳೆ ಬಿದ್ದ ಇಳಿಜಾರಿನಲ್ಲಿ ಪಾಲಿಶ್ ಗ್ರಾನೈಟಿಗಿಂತ ಅಪಾಯಕರವಾದ ನೆಲ ಬೇರೊಂದಿಲ್ಲ. ಮನೆಯ ಹಿರಿಯರೊಬ್ಬರು ಜಾರಿ ಬಿದ್ದು ತೊಡೆಯ ಎಲುಬು ಮುರಿದರೆ ಆಸ್ಪತ್ರೆಯ ಬಿಲ್ಲು ಕಲ್ಲಿನ ಬಿಲ್ಲನ್ನು ಹಿಂದೆ ಹಾಕುತ್ತದೆ, ಆಗುವ ನೋವು ಲೆಕ್ಕಕ್ಕೇ ಸಿಗುವುದಿಲ್ಲ. ಉರಿಯ ಜ್ವಾಲೆ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಕಲ್ಲು, ಇಲ್ಲವೇ ಉಳಿ-ಸುತ್ತಿಗೆಯಿಂದ ಹೊಡೆದು ಚುಚ್ಚಿದ ಕಲ್ಲು ಇಂಥಲ್ಲಿ ಯೋಗ್ಯ. ಎಲ್ಲಕ್ಕಿಂತ ಲೆಕ್ಕಕ್ಕೆ ಹೊಂದುವುದು ನಾಲ್ಕಿಂಚು ಚೌಕದ ಗ್ರಾನೈಟು ಕಾಬಲ್ ತುಂಡುಗಳು. ದೊಡ್ಡ ದಿಮ್ಮಿಗಳಿಗೆ ಒದಗದೆ ಉಳಿದ ಕಲ್ಲನ್ನೂ ಈ ಅಳತೆಗೆ ಒಡೆಯಬಹುದಾದ್ದರಿಂದ ಕ್ವಾರಿಯವನಿಗೆ ಉಳಿಕೆ ಮಾಲಿಗೆ ಬೆಲೆ ಬರುತ್ತದೆ, ಕೊಳ್ಳುವವನಿಗೆ ತಲೆಮಾರು ಬಾಳುವ ಕಲ್ಲು ದೊರೆಯುತ್ತದೆ. ಹಾಸುವ ಕೂಲಿ ಮಾತ್ರ ಹೆಚ್ಚು, ಅದನ್ನು ಮುಚ್ಚಿಡಲಾಗದು.

ಬಾದಾಮಿ-ಗುಳೇದಗುಡ್ಡದ ಕಡೆಯ ಕೆಂಪು ಮರಳುಗಲ್ಲು ನೋಡಲು ಚೆಲುವು. ಕಾಲುದಾರಿಗೆ, ಕಟ್ಟೆಗೆ ಒಳ್ಳೆಯದು. ಕರಾವಳಿಯ ಜಂಬಿಟ್ಟಿಗೆ ಗೋಡೆಯ ಕಲ್ಲೇ ಹೊರತು ಗಾಲಿಯ ಕಲ್ಲಲ್ಲ. ಕಪ್ಪು ಕಲ್ಲು ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಬರಿಗಾಲಿನವರನ್ನು ಕುಣಿಸುತ್ತದೆ.

ಬಂಧುಗಳೇ, ಕಲ್ಲನ್ನು ಆರಿಸುವುದರಲ್ಲಿಯೇ ಎಲ್ಲರ ಉತ್ಸಾಹ ಮುಗಿದುಹೋಗುತ್ತದೆ. ವಾಸ್ತವದಲ್ಲಿ ಅಂಗಳದ ಆಯುಷ್ಯವನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಭಾಗ. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣಿನ ನೆಲ. ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ಹತ್ತಿಗೆ ಒಳ್ಳೆಯದು, ಅಡಿಪಾಯಕ್ಕೆ ಶತ್ರು. ಇದರ ಮೇಲೆ ನಾಲ್ಕು ಬುಟ್ಟಿ ಉಸುಕು ಚೆಲ್ಲಿ ಬ್ಲಾಕು ಜೋಡಿಸಿದರೆ ಮೊದಲ ಮಳೆಗಾಲದಲ್ಲಿ ಒಂದು ಕಡೆ ಉಬ್ಬಿ, ಮೊದಲ ಬೇಸಿಗೆಯಲ್ಲಿ ಇನ್ನೊಂದು ಕಡೆ ತಗ್ಗುತ್ತದೆ. ಗಾಲಿ ಹಾಯುವ ಎರಡು ಸಾಲಿನಲ್ಲಿ ಚಕ್ಕಡಿಯ ಜಾಡು ಬೀಳುತ್ತದೆ. ಆಗ ಮಾಲಕನು ಬ್ಲಾಕಿನವನನ್ನು ಬೈಯುತ್ತಾನೆ, ಬ್ಲಾಕಿನವನು ಗೌಂಡಿಯನ್ನು ಬೈಯುತ್ತಾನೆ, ಗೌಂಡಿ ಮಳೆಯನ್ನು ಬೈಯುತ್ತಾನೆ. ಮೂವರೂ ಮಣ್ಣನ್ನು ಮರೆತಿರುತ್ತಾರೆ.

ಎರೆಮಣ್ಣಿದ್ದಲ್ಲಿ ಒಂದೂವರೆ-ಎರಡು ಅಡಿ ಆಳಕ್ಕೆ ಮಣ್ಣನ್ನು ತೆಗೆದುಹಾಕಿ, ಗರಸನ್ನು ಆರಾರು ಇಂಚಿನ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ ದಮ್ಮಸ್ಸು ಮಾಡಬೇಕು. ಅದರ ಮೇಲೆ ಖಡಿಯ ಗಟ್ಟಿ ಹಾಸು. ಅದರ ಮೇಲೆ 20ರಿಂದ 40 ಮಿ.ಮೀ. ಉಸುಕಿನ ಮೆತ್ತೆ. ಭಾರತೀಯ ರಸ್ತೆ ಕಾಂಗ್ರೆಸ್ಸು ಇಂಟರ್‌ಲಾಕ್ ಬ್ಲಾಕುಗಳ ಹಾಸಿಗೆಗೆಂದೇ ಎಸ್‌ಪಿ-63 ಎಂಬ ಮಾರ್ಗದರ್ಶಿಯನ್ನು 2004ರಲ್ಲಿಯೇ ಹೊರತಂದಿದೆ. ಉಸುಕಿನ ಮೆತ್ತೆ ದಪ್ಪವಾದಷ್ಟೂ ಒಳ್ಳೆಯದೆಂದು ತಿಳಿದವರುಂಟು. ಅದು ತಪ್ಪು ತಿಳುವಳಿಕೆ. ತಗ್ಗನ್ನು ಉಸುಕಿನಿಂದ ಮುಚ್ಚಿದರೆ ಗಾಡಿ ಹಾಯ್ದಂತೆಲ್ಲ ಆ ತಗ್ಗು ಮೇಲೆ ಬಂದೇ ಬರುತ್ತದೆ. ಬ್ಲಾಕುಗಳ ನಡುವೆ 2ರಿಂದ 4 ಮಿ.ಮೀ. ಸಂದು ಬಿಟ್ಟು ನುಣ್ಣನೆಯ ಒಣ ಉಸುಕು ತುಂಬಬೇಕು. ಒಂದು ಬ್ಲಾಕಿನ ಭಾರವನ್ನು ಪಕ್ಕದ್ದಕ್ಕೆ ದಾಟಿಸುವುದು ಈ ಉಸುಕೇ. ಸುತ್ತಲೂ ಕಾಂಕ್ರೀಟಿನಲ್ಲಿ ನೆಟ್ಟ ಅಂಚುಗಲ್ಲು ಇರದಿದ್ದರೆ ಸಾಲುಗಳು ಹೊರಕ್ಕೆ ಸರಿದು ಸಂದು ಬಿಚ್ಚುತ್ತವೆ. ಕೊಟೇಶನ್ನಿನಲ್ಲಿ ಮೊದಲು ಕಳಚಿಹೋಗುವ ಬಾಬು ಈ ಅಂಚುಗಲ್ಲಿನದೇ. ಜೋಡಣೆಯಲ್ಲಿ ಇಟ್ಟಿಗೆಯಂತೆ ನೇರ ಸಾಲಿಗಿಂತ ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದ ಸಾಲು ಗಾಡಿಯ ತಿರುವಿಗೆ, ಬ್ರೇಕಿಗೆ ಚೆನ್ನಾಗಿ ತಡೆದುಕೊಳ್ಳುತ್ತದೆ. ತುಂಡರಿಸುವ ಬ್ಲಾಕು ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೆ.

ಭಾರದ ಲೆಕ್ಕದಲ್ಲಿ ನಿಮ್ಮ ಕಾರನ್ನು ಮರೆತುಬಿಡಿ. ದೊಡ್ಡ ಕಾರೂ ಜನ ತುಂಬಿದರೆ ಎರಡು ಟನ್ನಿನ ಆಸುಪಾಸು. ಆದರೆ ಬೇಸಿಗೆಯಲ್ಲಿ ನಲ್ಲಿ ಬಾರದೆ ಟ್ಯಾಂಕರು ತರಿಸಿದಿರಿ ಎಂದುಕೊಳ್ಳಿ. ಐದು ಸಾವಿರ ಲೀಟರು ನೀರೆಂದರೆ ನೀರೇ ಐದು ಟನ್ನು, ಗಾಡಿಯ ತೂಕ ಬೇರೆ. ವರ್ಷಕ್ಕೆ ಆರೇ ಸಲ ಬಂದರೂ ಅಂಗಳ ಮುರಿಯುವುದು ಆ ಆರು ಸಲವೇ. ಟ್ಯಾಂಕರಾಗಲಿ ತುಂಬಿದ ಮಾಲಿನ ಗಾಡಿಯಾಗಲಿ ಒಳಗೆ ಬರುವುದಾದರೆ 50 ಮಿ.ಮೀ. ಮಾತೇ ಬೇಡ, ಎಂ-40 ದರ್ಜೆಯ 80 ಮಿ.ಮೀ. ಬ್ಲಾಕು ಇಲ್ಲವೇ ಗ್ರಾನೈಟು ಕಾಬಲ್ಲು ಹಾಕಿಸಬೇಕು. ಅದು ಬೇಡವಾದರೆ ಟ್ಯಾಂಕರನ್ನು ಗೇಟಿನ ಹೊರಗೆ ನಿಲ್ಲಿಸಿ ಉದ್ದದ ಪೈಪು ಕೊಳ್ಳುವುದು ಸೋವಿ.

ನೀರಿನ ವಿಷಯದಲ್ಲಿ ನಮ್ಮ ಜೋಡಿ ನಗರಕ್ಕೆ ಎರಡು ನ್ಯಾಯ. ನಾವು ಹೇಳಿದ 600 ಚದರ ಅಡಿಯ ಮೇಲೆ 30 ಮಿ.ಮೀ. ಮಳೆ ಸುರಿದರೆ ಬೀಳುವ ನೀರು 1,600 ಲೀಟರಿಗೂ ಮಿಗಿಲು. ಧಾರವಾಡದ ಕೆಂಪು ಮಣ್ಣಿನಲ್ಲಿ ಇದು ಬ್ಲಾಕಿನ ಸಂದಿಯಿಂದ ಇಂಗಿ ಬಾವಿಗೋ ಬೋರಿಗೋ ಅನುಕೂಲವಾದೀತು. ಹುಲ್ಲು ಬೆಳೆಯುವ ತೂತಿನ ಬ್ಲಾಕೂ ಅಲ್ಲಿ ನಡೆದೀತು. ಹುಬ್ಬಳ್ಳಿಯ ಎರೆಯಲ್ಲಿ ಅದೇ ನೀರನ್ನು ಕಲ್ಲಿನ ಕೆಳಗೆ ಇಳಿಸುವುದೆಂದರೆ ಉಬ್ಬುವ ಮಣ್ಣಿಗೆ ಕರೆದು ಉಣಿಸಿದಂತೆ. ಇಲ್ಲಿ ಐವತ್ತು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಕೊಟ್ಟು, ನೀರನ್ನು ಅಂಚಿನ ಕಾಲುವೆಗೆ ತಂದು, ಮನೆಯ ಗೋಡೆಯಿಂದ ದೂರದ ಇಂಗುಗುಂಡಿಗೋ ತೊಟ್ಟಿಗೋ ಒಯ್ಯಬೇಕು. ಬೆಂಗಳೂರಿನವರು ಬರೆದ ಸಲಹೆಯನ್ನು ಓದಿ ಹುಬ್ಬಳ್ಳಿಯಲ್ಲಿ ಹಾಸುವವರು ಈ ಭೇದವನ್ನು ಗಮನಿಸಬೇಕು. ಗೇಟಿನ ಹೊರಗಿನ ಗಟಾರದ ಮೇಲೆ ಇಳಿಜಾರು ಕಟ್ಟಿ ಅಲ್ಲಿಯೂ ಬೆಲೆಬಾಳುವ ಕಲ್ಲು ಹಾಸುವವರಿದ್ದಾರೆ. ಆ ನೆಲ ಪಾಲಿಕೆಯದು. ಗಟಾರ ತೆರೆಯಲು ಬಂದವರು ಕಲ್ಲಿನ ಬೆಲೆ ಕೇಳುವುದಿಲ್ಲ.

ನೆಲ ಅಗೆಯುವ ಪ್ರಸಂಗಗಳು ಇನ್ನೂ ಇವೆ. 2008ರಲ್ಲಿ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ನಿರಂತರ ನೀರಿನ ಪ್ರಾತ್ಯಕ್ಷಿಕೆ ಆರಂಭವಾದಾಗಿನಿಂದ ಹೊಸ ಕೊಳವೆ, ಹೊಸ ಮೀಟರು ಎಂದು ಅಂಗಳಗಳು ಸೀಳಲ್ಪಡುತ್ತಲೇ ಬಂದಿವೆ. ಒಳಚರಂಡಿ, ಕೇಬಲ್ಲು ಬೇರೆ. ಉಸುಕಿನ ಮೇಲೆ ಕುಳಿತ ಬ್ಲಾಕನ್ನಾಗಲಿ ಕಾಬಲ್ಲನ್ನಾಗಲಿ ಬಿಡಿಸಿ, ಕೆಲಸ ಮುಗಿದ ಮೇಲೆ ಅದೇ ಕಲ್ಲನ್ನು ತಿರುಗಿ ಕೂರಿಸಬಹುದು. ಅಚ್ಚೊತ್ತಿದ ಕಾಂಕ್ರೀಟು ನೆಲವಾದರೆ ಕತ್ತರಿಸಿದ ಗಾಯ ಕೊನೆಯವರೆಗೂ ಕಾಣುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದಕ್ಕೆ ಉಳಿಕೆ ಮೌಲ್ಯವುಂಟು, ಎರಡನೆಯದಕ್ಕೆ ಇಲ್ಲ. ಬ್ಲಾಕು ಕೊಳ್ಳುವಾಗ ಅದೇ ಖೇಪಿನ ಇಪ್ಪತ್ತು-ಮೂವತ್ತು ಬ್ಲಾಕು ಹೆಚ್ಚು ಕೊಂಡು ಹಿತ್ತಲಿನಲ್ಲಿ ಪೇರಿಸಿಡುವುದು ಒಳ್ಳೆಯದು. ಮುಂದೆ ಅದೇ ಬಣ್ಣ ಸಿಗಲಾರದು.

ಈಗ ಸೋವಿಯ ಪ್ರಶ್ನೆಗೆ ಬರೋಣ. ದರಗಳು ಊರಿಂದೂರಿಗೆ ಬೇರೆಯಾಗುವುದರಿಂದ ಕೆಳಗಿನ ಅಂಕೆಗಳನ್ನು ಲೆಕ್ಕದ ಅನುಕೂಲಕ್ಕಾಗಿ ಇಟ್ಟಿದ್ದೇನೆ. ಮಣ್ಣು ತೆಗೆಯದೆ ತೆಳು ಬ್ಲಾಕು ಹಾಸುವವನು ಚದರ ಅಡಿಗೆ 70 ರೂಪಾಯಿ ಕೇಳಿದ, ಗರಸು-ಖಡಿ-ಅಂಚುಗಲ್ಲು ಸಹಿತ ದಪ್ಪ ಬ್ಲಾಕು ಹಾಸುವವನು 130 ಕೇಳಿದ ಎನ್ನೋಣ. 600 ಅಡಿಗೆ ಮೊದಲನೆಯದು 42,000, ಎರಡನೆಯದು 78,000. ಅಂತರ 36,000 ರೂಪಾಯಿ. ಜಾಣ ವ್ಯಾಪಾರಿ ಹೇಳುತ್ತಾನೆ: ಆ 36,000ವನ್ನು ಠೇವಣಿಯಿಡುತ್ತೇನೆ, ಆರು ವರ್ಷಕ್ಕೆ ಅಂಗಳ ಕೆಟ್ಟರೆ ಆ ಹಣದಿಂದಲೇ ಹೊಸದು ಹಾಸುತ್ತೇನೆ. ವಾದ ಚೆನ್ನಾಗಿದೆ. ಶೇ. 7ರ ಚಕ್ರಬಡ್ಡಿಯಲ್ಲಿ ಆರು ವರ್ಷಕ್ಕೆ ಆ ಹಣ 54,026 ಆಗುತ್ತದೆ. ಆದರೆ ಕೂಲಿ-ಸಾಮಾನುಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಅದೇ 42,000ದ ಅಗ್ಗದ ಕೆಲಸಕ್ಕೆ ಅಂದು 59,578 ಬೇಕು. ಹಳೆಯದನ್ನು ಕಿತ್ತು ಸಾಗಿಸುವ ಖರ್ಚು, ಬಡ್ಡಿಯ ಮೇಲಿನ ಆದಾಯ ತೆರಿಗೆ ಇದರಲ್ಲಿ ಸೇರಿಲ್ಲ. ಠೇವಣಿ ಬರಿದಾಯಿತು, ಕಿಸೆಯಿಂದ ಮೇಲೆ ಹೋಯಿತು, ದೊರೆತದ್ದು ಮತ್ತೆ ಆರು ವರ್ಷ ಬಾಳುವ ಅಂಗಳ. ಅಗ್ಗದ್ದು ಹತ್ತು ವರ್ಷ ಬಾಳಿದರೆ ಲೆಕ್ಕ ತಿರುಗಬಹುದು ಎಂಬುದನ್ನು ಒಪ್ಪುತ್ತೇನೆ. ಗಟ್ಟಿ ಗರಸಿನ ನೆಲದಲ್ಲಿ, ಹಗುರ ಗಾಡಿ ಮಾತ್ರ ಇರುವಲ್ಲಿ ಹಾಗಾಗುವುದೂ ಉಂಟು. ಎರೆಮಣ್ಣಿನ ಮೇಲೆ ಅಂಥ ಆಸೆಗೆ ಆಧಾರವಿಲ್ಲ.

ಖರ್ಚನ್ನು ಕಡಿಮೆ ಮಾಡಲೇಬೇಕಿದ್ದರೆ ದಾರಿ ಬೇರೆಯಿದೆ. ಅಂಗಳವನ್ನೆಲ್ಲ ಒಂದೇ ಕಲ್ಲಿನಿಂದ ಮುಚ್ಚಬೇಕೆಂಬ ನಿಯಮವೇನಿಲ್ಲ. ಗಾಲಿ ಹಾಯುವ ಪಟ್ಟಿಗೆ ದಪ್ಪ ಬ್ಲಾಕು ಅಥವಾ ಕಾಬಲ್ಲು, ಉಳಿದೆಡೆ ಫರಸಿ, ತುಳಸಿಕಟ್ಟೆಯ ಸುತ್ತ ಮಣ್ಣು. ಮೆಟ್ಟಿಲ ಮುಂದೆ ನಾಲ್ಕು ಅಡಿ ನಯವಾದ ಸಮತಟ್ಟು ಫರಸಿಯಿರಲಿ ಎಂಬುದು ಮನೆಯ ಹೆಣ್ಣುಮಕ್ಕಳ ಪರವಾಗಿ ನನ್ನ ಶಿಫಾರಸು. ಜೋಡು ಬ್ಲಾಕಿನ ಸಂದುಗಳ ಮೇಲೆ ರಂಗೋಲಿ ಕೂರುವುದಿಲ್ಲವೆಂಬ ದೂರನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕೇಳಿದ್ದೇನೆ.

ತೆರಿಗೆಯ ಬಗ್ಗೆ ಬರೆಯದಿದ್ದರೆ ನನ್ನ ಲೇಖನ ಅಪೂರ್ಣವೆಂದು ಸಂಪಾದಕರು ಭಾವಿಸಿಯಾರು. ಮನೆಯಂಗಳದ ಬಿಲ್ಲನ್ನು ಅಂಗಡಿಯ ಜಿಎಸ್‌ಟಿ ನಂಬರಿನ ಮೇಲೆ ಮಾಡಿಸಿ ಇನ್‌ಪುಟ್ ತೆರಿಗೆಯ ಜಮೆ ಪಡೆಯುವ ಚಪಲ ಕೆಲವರಿಗಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 17(5)ನೆಯ ಕಲಮಿನಂತೆ ವೈಯಕ್ತಿಕ ಬಳಕೆಯ ಸರಕಿಗೆ ಜಮೆಯಿಲ್ಲ. ಆದಾಯ ತೆರಿಗೆಯಲ್ಲಿಯೂ ಅದು ವ್ಯಾಪಾರದ ಖರ್ಚಲ್ಲ. ಅಂಗಡಿಯ ಹಣದಿಂದಲೇ ಕೊಟ್ಟಿದ್ದರೆ ಖಾಸಗಿ ಖರ್ಚಿನ ಖಾತೆಗೆ ಬರೆಯುವುದೊಂದೇ ಸರಿಯಾದ ದಾರಿ. ಕಾರ್ಖಾನೆಯ ಅಂಗಳದ ಮಾತು ಸ್ವಲ್ಪ ಬೇರೆ. ಅಲ್ಲಿಯೂ ಸ್ಥಿರಾಸ್ತಿಯ ನಿರ್ಮಾಣವೆಂದು ಬಂಡವಾಳ ಖಾತೆಗೆ ಸೇರಿಸಿದ ವೆಚ್ಚಕ್ಕೆ ಅದೇ ಕಲಮು ಅಡ್ಡಬರುತ್ತದೆ. ಆದರೆ ಕೆಟ್ಟ ಬ್ಲಾಕನ್ನು ಬದಲಿಸಿದ ದುರಸ್ತಿಯನ್ನು ವರ್ಷದ ಖರ್ಚಿಗೇ ಬರೆದಿದ್ದರೆ ನಿರ್ಬಂಧ ಅನ್ವಯಿಸುವುದಿಲ್ಲ. ಇನ್ನು 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಾಗ, ಬ್ಲಾಕಿನ ದರವನ್ನೂ ಅದೇ ಪ್ರಮಾಣದಲ್ಲಿ ಇಳಿಸಿರೆಂದು ಗ್ರಾಹಕರು ತಯಾರಕರನ್ನು ಕೇಳಿದರು. ಪೂರ್ಣ ತೆರಿಗೆ ಕಟ್ಟುವ ತಯಾರಕನಿಗೆ ಸಿಮೆಂಟಿನ ತೆರಿಗೆ ಮೊದಲಿನಿಂದಲೂ ಜಮೆಯಾಗುತ್ತಿತ್ತು. ಅವನಿಗಾದ ಅನುಕೂಲವೆಂದರೆ ಕೊಟ್ಟ ತೆರಿಗೆ 28, ವಸೂಲು ಮಾಡುವ ತೆರಿಗೆ 18 ಎಂಬ ತಲೆಕೆಳಗಾದ ಸ್ಥಿತಿ ತಪ್ಪಿ, ಸಿಕ್ಕಿಕೊಳ್ಳುತ್ತಿದ್ದ ಹಣ ಕೈಗೆ ಬಂದದ್ದು. ಜಮೆಯಿಲ್ಲದ ಕಾಂಪೊಸಿಷನ್ ತಯಾರಕನಿಗೆ ಮಾತ್ರ ವೆಚ್ಚ ನಿಜವಾಗಿ ಇಳಿದಿದೆ. ಚೌಕಾಶಿ ಮಾಡುವವರು ಎದುರಿಗಿರುವವನು ಯಾವ ಪದ್ಧತಿಯವನೆಂದು ತಿಳಿದು ಮಾಡಲಿ.

ಪಕ್ಕಾ ಬಿಲ್ಲು ಕೊಳ್ಳುವವನಿಗೂ ಬೇಕು. ಮುಂದೊಂದು ದಿನ ಮನೆ ಮಾರಿದಾಗ ಬಂಡವಾಳ ಲಾಭದ ಲೆಕ್ಕದಲ್ಲಿ, ಆಸ್ತಿಗೆ ಮಾಡಿಸಿದ ಇಂಥ ಶಾಶ್ವತ ಸುಧಾರಣೆಯ ವೆಚ್ಚವನ್ನು ಕಳೆಯಲು ಅವಕಾಶವಿದೆ. 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆ-ನಿವೇಶನಗಳಿಗೆ, ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಸೂಚ್ಯಂಕವಿಲ್ಲದೆ ಶೇ. 12.5 ಮತ್ತು ಸೂಚ್ಯಂಕ ಸಹಿತ ಶೇ. 20 ಇವುಗಳಲ್ಲಿ ಕಡಿಮೆಯಾದ ತೆರಿಗೆಯನ್ನು ಕಟ್ಟಬಹುದು. ಕಚ್ಚಾ ಚೀಟಿಯಲ್ಲಿ ತೆರಿಗೆ ಉಳಿಸಿದೆನೆಂದು ಹಿಗ್ಗಿದವನಿಗೆ ಈ ಎರಡರಲ್ಲಿಯೂ ತೋರಿಸಲು ಏನೂ ಇರುವುದಿಲ್ಲ. ಗ್ರಾನೈಟಾಗಲಿ ಫರಸಿಯಾಗಲಿ ನೇರವಾಗಿ ಕ್ವಾರಿಯಿಂದ ತರಿಸುವುದಾದರೆ ಉಪಖನಿಜ ಸಾಗಣೆಯ ಪರವಾನಿಗೆಯ ಪ್ರತಿ, ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು ಲಾರಿಯೊಂದಿಗೆ ಇರುವಂತೆ ನೋಡಿಕೊಳ್ಳಬೇಕು.

ಕಟ್ಟಡ ಸಾಮಗ್ರಿಗಳ ವ್ಯಾಪಾರ ಹಾಗೂ ತಯಾರಿಕೆಯಲ್ಲಿರುವ ನಮ್ಮ ಸದಸ್ಯರ ಮುಂದೆ ಒಂದು ವಿನಂತಿಯನ್ನು ಇಡುತ್ತೇನೆ. ಕೊಟೇಶನ್ ಮತ್ತು ಬಿಲ್ಲಿನ ನಮೂನೆಯಲ್ಲಿ ಚದರ ಅಡಿಯ ದರದ ಪಕ್ಕಕ್ಕೆ ದಪ್ಪ ಎಷ್ಟು ಮಿ.ಮೀ., ದರ್ಜೆ ಯಾವುದು, ತಯಾರಾದ ದಿನಾಂಕ ಯಾವುದು ಎಂಬ ಮೂರು ಅಂಕಣಗಳು ಬರಲಿ. ಹಾಸುವ ಗುತ್ತಿಗೆಯನ್ನೂ ಹಿಡಿಯುವವರು ಮಣ್ಣು ತೆಗೆಯುವ ಆಳ, ಗರಸು ಮತ್ತು ಖಡಿಯ ದಪ್ಪ, ಅಂಚುಗಲ್ಲಿನ ಉದ್ದ ಇವನ್ನು ಬೇರೆ ಬೇರೆ ಬಾಬುಗಳಾಗಿ ತೋರಿಸಲಿ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಮುದ್ರಣಾಲಯಕ್ಕೆ ಒಂದು ಹೊಸ ನಮೂನೆ ಕೊಟ್ಟರೆ ಸಾಕು. ಮಳೆ ನಿಂತು ದೀಪಾವಳಿ ಕಳೆದ ಮೇಲೆ ಅಂಗಳದ ಕೆಲಸಗಳು ಆರಂಭವಾಗುತ್ತವೆ, ಬಿಲ್ಲಿನ ಪುಸ್ತಕಗಳೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಮುದ್ರಣಕ್ಕೆ ಹೋಗುತ್ತವೆ.